ಶೆನ್‌ಝೆನ್: ಗದ್ದೆಗಾಲುವೆಯ ಹೆಸರು ಹೊತ್ತ ಮಹಾನಗರ

ಮಾನ್ಯರೇ,

ಚೀನಾದ ದಕ್ಷಿಣದ ಅಂಚಿನಲ್ಲಿರುವ ಶೆನ್‌ಝೆನ್ ನಗರದಲ್ಲಿ ನಾನು ಇದ್ದದ್ದು ಹನ್ನೊಂದು ದಿನ. ಇಷ್ಟು ದಿನದಲ್ಲಿ ಒಂದು ಊರನ್ನು ಬಲ್ಲೆನೆಂದು ಹೇಳಿಕೊಳ್ಳುವುದು ಉದ್ಧಟತನವಾದೀತು. ಆದ್ದರಿಂದ ಮೊದಲ ನೋಟಕ್ಕೆ ನನಗೆ ಏನು ಕಂಡಿತು, ಆ ನೋಟ ಎಲ್ಲಿ ತಪ್ಪಿತು, ತಪ್ಪು ತಿಳಿದ ಮೇಲೆ ಮನಸ್ಸಿನಲ್ಲಿ ಏನು ನಿಂತಿತು ಎಂಬುದನ್ನಷ್ಟೇ ಇಂದು ನಿಮ್ಮ ಮುಂದಿಡುತ್ತೇನೆ. ನಾನು ಹುಟ್ಟಿ ಬೆಳೆದ ಹಳ್ಳಿ ಈಗ ಬೆಂಗಳೂರಿನ ಒಳಗಿದೆ. ನಮ್ಮ ರಾಗಿ ಹೊಲವಿದ್ದ ಜಾಗದಲ್ಲಿ ಹದಿನಾಲ್ಕು ಅಂತಸ್ತಿನ ಕಟ್ಟಡವಿದೆ. ನಗರವೊಂದು ಹಳ್ಳಿಯನ್ನು ಒಳಗೆ ಎಳೆದುಕೊಳ್ಳುವ ಬಗೆಯನ್ನು ಮನೆಯಲ್ಲೇ ಕಂಡವನಾದ್ದರಿಂದ, ಜಗತ್ತಿನಲ್ಲೇ ಅತಿ ವೇಗವಾಗಿ ಬೆಳೆದ ನಗರ ಎನಿಸಿಕೊಂಡ ಶೆನ್‌ಝೆನ್ ಅನ್ನು ನೋಡಬೇಕೆಂಬ ಆಸೆ ನನಗೆ ಬಹುಕಾಲದಿಂದ ಇತ್ತು.

ಹಾಂಗ್‌ಕಾಂಗ್‌ನ ಪಶ್ಚಿಮ ಕೌಲೂನ್ ನಿಲ್ದಾಣದಿಂದ ಶೆನ್‌ಝೆನ್‌ನ ನಡುಮಧ್ಯದ ಫುಟಿಯನ್ ನಿಲ್ದಾಣಕ್ಕೆ ಅತಿವೇಗದ ರೈಲಿನಲ್ಲಿ ಹದಿನಾಲ್ಕು ನಿಮಿಷದ ದಾರಿ. 2018ರಿಂದ ಈ ಸೌಕರ್ಯವಿದೆ. ಆದರೂ ನಾನು ಹಳೆಯ ದಾರಿಯನ್ನೇ ಹಿಡಿದೆ. ಲೊ ವೂ ಎಂಬ ಗಡಿಯ ನಿಲ್ದಾಣದಲ್ಲಿ ಇಳಿದು, ಪಾಸ್‌ಪೋರ್ಟ್ ತೋರಿಸಿ, ಸೂರು ಹೊದಿಸಿದ ಸೇತುವೆಯ ಮೇಲೆ ನಡೆದುಕೊಂಡು ಗಡಿ ದಾಟುವ ದಾರಿ ಅದು. ಸೇತುವೆಯ ಕೆಳಗೆ ಹರಿಯುವ ಶೆನ್‌ಝೆನ್ ನದಿ ನಮ್ಮ ಕಡೆಯ ಒಂದು ದೊಡ್ಡ ಹಳ್ಳದಷ್ಟೇ ಅಗಲವಿದೆ. ಹಿಂದೆ ತಿರುಗಿದರೆ ಹಾಂಗ್‌ಕಾಂಗ್‌ನ ಬದಿಯಲ್ಲಿ ಹಸಿರು ಗುಡ್ಡಗಳು, ಮೀನಿನ ಹೊಂಡಗಳು. ಮುಂದೆ ನೋಡಿದರೆ ಗೋಡೆ ಕಟ್ಟಿದ ಹಾಗೆ ಒತ್ತೊತ್ತಾಗಿ ನಿಂತ ಗಗನಚುಂಬಿಗಳು. ಐವತ್ತು ವರ್ಷದ ಹಿಂದೆ ಇದೇ ದಡದ ಹಳ್ಳಿಗಳಿಂದ ಸಾವಿರಾರು ತರುಣರು ರಾತ್ರಿಯ ಹೊತ್ತು ಕೊಲ್ಲಿಯನ್ನು ಈಜಿ, ಬೆಟ್ಟ ಹತ್ತಿ ಇಳಿದು, ಆಗ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಹಾಂಗ್‌ಕಾಂಗ್‌ನ ದಡಕ್ಕೆ ಓಡಿಹೋಗುತ್ತಿದ್ದರು. ಈಜುತ್ತಲೇ ಪ್ರಾಣ ಬಿಟ್ಟವರೂ ಬಹಳ ಮಂದಿ. ಅವರು ಬಿಟ್ಟು ಓಡಿದ ದಡದ ಮೇಲೆ ಈಗ ಈ ಗೋಪುರಗಳಿವೆ ಎಂಬ ಎಣಿಕೆಯೇ ನನ್ನ ಕಾಲನ್ನು ಸೇತುವೆಯ ಮೇಲೆ ಸ್ವಲ್ಪ ಹೊತ್ತು ಹಿಡಿದು ನಿಲ್ಲಿಸಿತು.

ಗಡಿಯ ಕಟ್ಟಡದಿಂದ ಹೊರಬಂದ ಮೇಲೆ ಆ ಊರಿನ ಪರಿಚಯ ಕಣ್ಣಿಗಿಂತ ಮೊದಲು ಕಿವಿಗೆ ಆಯಿತು. ಎಂಟು ಪಥದ ರಸ್ತೆಯಲ್ಲಿ ವಾಹನಗಳು ತುಂಬಿ ಹರಿಯುತ್ತಿದ್ದರೂ ಎಂಜಿನ್ನಿನ ಸದ್ದಿಲ್ಲ. ಟೈರು ಉಜ್ಜುವ ಸದ್ದು, ಬಸ್ಸಿನ ಬಾಗಿಲು ತೆರೆಯುವಾಗಿನ ಉಸ್ಸೆಂಬ ಸದ್ದು, ಸಾಲುಮರಗಳಲ್ಲಿ ಜೀರುಂಡೆಗಳ ಕೂಗು, ಪಕ್ಕದಲ್ಲಿ ನಡೆಯುವವರ ಮಾತು. ನಗರದ 16,000ಕ್ಕೂ ಹೆಚ್ಚು ಬಸ್ಸುಗಳು 2017ರ ಕೊನೆಯ ಹೊತ್ತಿಗೇ ಪೂರ್ತಿಯಾಗಿ ವಿದ್ಯುತ್ ಬಸ್ಸುಗಳಾಗಿದ್ದವು, ಟ್ಯಾಕ್ಸಿಗಳೂ ಅದರ ಬೆನ್ನಿಗೇ ಬದಲಾದವು. ಊಟದ ಪೊಟ್ಟಣಗಳನ್ನು ಮನೆಮನೆಗೆ ಮುಟ್ಟಿಸುವ ಹುಡುಗರ ವಿದ್ಯುತ್ ದ್ವಿಚಕ್ರಗಳು ಮಾತ್ರ ಸದ್ದಿಲ್ಲದೆ ಬೆನ್ನ ಹಿಂದೆ ಬಂದು ಮೈ ಸವರಿಕೊಂಡೇ ಮುಂದಕ್ಕೆ ಹೋಗಿಬಿಡುತ್ತವೆ. ಮೊದಲೆರಡು ದಿನ ನಾನು ಹೆಜ್ಜೆಗೊಮ್ಮೆ ಬೆಚ್ಚಿದ್ದೇನೆ. ಮೆಟ್ರೊ ಶುರುವಾದದ್ದು 2004ರ ಡಿಸೆಂಬರಿನಲ್ಲಿ. ಇಪ್ಪತ್ತೇ ವರ್ಷದಲ್ಲಿ ಅದರ ಉದ್ದ 500 ಕಿಲೋಮೀಟರು ಮೀರಿತು. ಫುಟಿಯನ್‌ನಲ್ಲಿ 599 ಮೀಟರ್ ಎತ್ತರದ ಪಿಂಗ್ ಆನ್ ಗೋಪುರದ ಬುಡದಲ್ಲಿ ನಿಂತು ಕತ್ತೆತ್ತಿದರೆ ತುದಿ ಮೋಡದೊಳಗೆ ಸೇರಿಹೋಗಿತ್ತು. ಆ ರಾತ್ರಿ ನನ್ನ ಟಿಪ್ಪಣಿ ಪುಸ್ತಕದಲ್ಲಿ ಹೀಗೆ ಬರೆದುಕೊಂಡೆ: "ಇದು ಎಲ್ಲಿಂದಲೋ ತಂದು ನೆಲದ ಮೇಲೆ ಇಟ್ಟ ಊರು. ಇದಕ್ಕೆ ನಿನ್ನೆ ಎಂಬುದೇ ಇಲ್ಲ." ನನ್ನ ನೋಟ ತಪ್ಪಿದ್ದು ಇಲ್ಲಿಯೇ.

ಈ ತಪ್ಪು ನನ್ನೊಬ್ಬನದಲ್ಲ. ಶೆನ್‌ಝೆನ್ ಬಗ್ಗೆ ಎಲ್ಲರೂ ಹೇಳುವ ಕತೆಯೊಂದಿದೆ: 1980ರ ಆಗಸ್ಟ್ 26ರಂದು ವಿಶೇಷ ಆರ್ಥಿಕ ವಲಯವೆಂದು ಘೋಷಿಸುವ ತನಕ ಅದು ಬೆಸ್ತರ ಪುಟ್ಟ ಹಳ್ಳಿಯಾಗಿತ್ತು, ಆಮೇಲೆ ಮಾಯವಾದಂತೆ ಮಹಾನಗರ ಎದ್ದು ನಿಂತಿತು ಎಂದು. ಕತೆ ಕಿವಿಗೆ ಚೆನ್ನಾಗಿದೆ, ಆದರೆ ನಿಜ ಅಷ್ಟು ಸರಳವಾಗಿಲ್ಲ. ಈ ಪ್ರದೇಶ ಬಾವ್‌ಆನ್ ಎಂಬ ಜಿಲ್ಲೆಯಾಗಿತ್ತು, ಸುಮಾರು ಮೂರು ಲಕ್ಷ ಜನ ಇಲ್ಲಿ ಬಾಳುತ್ತಿದ್ದರು. ಶೆನ್‌ಝೆನ್ ಎಂಬುದು ಸಂತೆ ನಡೆಯುವ ಪೇಟೆಯಾಗಿತ್ತು; 1911ರಲ್ಲೇ ಕೌಲೂನ್ ಮತ್ತು ಕ್ಯಾಂಟನ್ (ಇಂದಿನ ಗುವಾಂಗ್‌ಝೌ) ನಡುವಿನ ರೈಲು ಅದನ್ನು ಹಾದುಹೋಗುತ್ತಿತ್ತು. ಪಶ್ಚಿಮದ ನಾನ್‌ಟೌ ಕೋಟೆಪೇಟೆ ಕ್ರಿ.ಶ. ನಾಲ್ಕನೆಯ ಶತಮಾನದಿಂದ ಆಡಳಿತದ ಕೇಂದ್ರ. ಪೂರ್ವದ ದಾಪೆಂಗ್ ಕೋಟೆಯನ್ನು ಮಿಂಗ್ ಅರಸರು 1394ರಲ್ಲಿ ಕಟ್ಟಿಸಿದರು. ಇನ್ನು ಹೆಸರನ್ನೇ ನೋಡಿ. 'ಶೆನ್' ಎಂದರೆ ಆಳ, 'ಝೆನ್' ಎಂದರೆ ಗದ್ದೆಗಳ ನಡುವೆ ನೀರು ಹರಿಯುವ ಕಾಲುವೆ. ಬೇಸಾಯಗಾರರು ಇಟ್ಟ ಹೆಸರು ಇದು. ಬರಿದಾದ ದಡದ ಮೇಲೆ ನಗರ ಕಟ್ಟಿದೆವೆಂಬ ಕತೆಯಲ್ಲಿ ಈ ಗದ್ದೆಯವರು, ಕಾಲುವೆಯವರು, ಅವರ ಊರುಗಳು ಎಲ್ಲವೂ ಅಳಿಸಿಹೋಗುತ್ತವೆ, ಮತ್ತು ಆ ಅಳಿಸುವಿಕೆ ನನ್ನಂಥವನಿಗೆ ನೋವು ಕೊಡುವ ಸಂಗತಿ.

ಆದರೆ ವೇಗದ ಮಾತು ಸುಳ್ಳಲ್ಲ, ಅದನ್ನೂ ಹೇಳಬೇಕು. ಸುಮಾರು 20,000 ಮಂದಿ ಸೇನೆಯ ಎಂಜಿನಿಯರಿಂಗ್ ದಳದವರು ಇಲ್ಲಿಗೆ ಬಂದು, ಬಿದಿರಿನ ಗುಡಿಸಲುಗಳಲ್ಲಿ ಇದ್ದುಕೊಂಡು ಮೊದಲ ರಸ್ತೆ, ಚರಂಡಿ, ಕಟ್ಟಡಗಳನ್ನು ಕಟ್ಟಿದರು. 1983ರಲ್ಲಿ ಸಮವಸ್ತ್ರ ಕಳಚಿ ಇಲ್ಲಿಯ ನಾಗರಿಕರೇ ಆದರು. ಶೆಕೌ ಎಂಬ ಕೈಗಾರಿಕಾ ವಲಯದಲ್ಲಿ, ಅದನ್ನು ಕಟ್ಟಿ ನಿಲ್ಲಿಸಿದ ಯುವಾನ್ ಗೆಂಗ್ ಅವರು "ಕಾಲವೇ ಹಣ, ದಕ್ಷತೆಯೇ ಪ್ರಾಣ" ಎಂಬ ಫಲಕ ಹಾಕಿಸಿದ್ದರು. 1985ರಲ್ಲಿ ಮುಗಿದ 53 ಅಂತಸ್ತಿನ ಗುವೊಮಾವೊ ಕಟ್ಟಡ ಮೂರು ದಿನಕ್ಕೊಂದು ಅಂತಸ್ತಿನ ಲೆಕ್ಕದಲ್ಲಿ ಮೇಲೇರಿತು; 'ಶೆನ್‌ಝೆನ್ ವೇಗ' ಎಂಬ ಮಾತು ಚೀನಿ ಭಾಷೆಗೆ ಬಂದದ್ದು ಆಗಲೇ. 1987ರ ಡಿಸೆಂಬರ್ 1ರಂದು ಇಲ್ಲಿ ಒಂದು ನಿವೇಶನದ ಬಳಕೆಯ ಹಕ್ಕನ್ನು ಬಹಿರಂಗ ಹರಾಜಿಗಿಟ್ಟರು. ಸಮಾಜವಾದಿ ಚೀನಾದಲ್ಲಿ ಭೂಮಿಗೆ ಹೀಗೆ ಕೂಗಿ ಬೆಲೆ ಕಟ್ಟಿದ್ದು ಅದೇ ಮೊದಲು. ಮರುವರ್ಷ ದೇಶದ ಸಂವಿಧಾನವನ್ನೇ ಅದಕ್ಕೆ ತಕ್ಕಂತೆ ತಿದ್ದಿದರು. 1992ರ ಜನವರಿಯಲ್ಲಿ ಮುದುಕರಾಗಿದ್ದ, ಚೀನಾದ ಆರ್ಥಿಕ ಸುಧಾರಣೆಯ ನಾಯಕ ಡೆಂಗ್ ಶಿಯಾವೊಪಿಂಗ್ ಇದೇ ಗುವೊಮಾವೊದ ಮೇಲಣ ಸುತ್ತುವ ಉಪಾಹಾರ ಗೃಹದಲ್ಲಿ ಕುಳಿತು ಊರನ್ನು ನೋಡಿ, ಸುಧಾರಣೆಯ ದಾರಿಯಲ್ಲಿ ಹಿಂಜರಿಯಬಾರದೆಂದು ಹೇಳಿದರು.

ಈ ವೇಗಕ್ಕೆ ತೆತ್ತ ಬೆಲೆಯನ್ನು ಗೋಪುರಗಳ ಮೇಲೆ ಬರೆದಿರುವುದಿಲ್ಲ. 1993ರ ನವೆಂಬರ್ 19ರಂದು ನಗರದ ಪೂರ್ವದ ಒಂದು ಆಟಿಕೆ ಕಾರ್ಖಾನೆಗೆ ಬೆಂಕಿ ಬಿದ್ದಾಗ ಕಿಟಕಿಗಳಿಗೆ ಸರಳು, ಬಾಗಿಲುಗಳಿಗೆ ಬೀಗ. ಸತ್ತ ಎಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಬಹುಪಾಲು ಹಳ್ಳಿಗಾಡಿನಿಂದ ಬಂದ ಹರೆಯದ ಹೆಣ್ಣುಮಕ್ಕಳು. 2015ರ ಡಿಸೆಂಬರ್ 20ರಂದು, ನಗರ ಕಟ್ಟಲು ಅಗೆದು ತೆಗೆದ ಮಣ್ಣನ್ನು ವಾಯವ್ಯದ ಗುವಾಂಗ್‌ಮಿಂಗ್‌ನಲ್ಲಿ ಗುಡ್ಡದಂತೆ ಪೇರಿಸಿದ್ದು ಕುಸಿದು 33 ಕಟ್ಟಡಗಳ ಮೇಲೆ ಬಂತು. 73 ಮಂದಿಯ ಶವ ಸಿಕ್ಕಿತು, ನಾಲ್ವರು ಸಿಗಲೇ ಇಲ್ಲ. ಈ ಎರಡನೆಯ ದುರಂತವನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಸುರಂಗ ತೋಡಿದ ಮಣ್ಣು, ತಳಪಾಯ ತೆಗೆದ ಮಣ್ಣು ಎಲ್ಲಿಗೆ ಹೋಗುತ್ತದೆಂದು ನಮ್ಮಲ್ಲೂ ಯಾರೂ ಕೇಳುವುದಿಲ್ಲ.

ಮೂರನೆಯ ದಿನ ಹುವಾಚಿಯಾಂಗ್‌ಬೇ ಎಂಬ ಮಾರುಕಟ್ಟೆಗೆ ಹೋದೆ. ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದ ತುಂಬಿದ ಬೆಂಗಳೂರಿನ ಎಸ್.ಪಿ. ರಸ್ತೆಯನ್ನು ಬಲ್ಲವರು ಅದನ್ನು ಹತ್ತಾರು ಅಂತಸ್ತುಗಳಾಗಿ ಒಂದರ ಮೇಲೊಂದು ಪೇರಿಸಿ, ಅಂಥ ಕಟ್ಟಡಗಳನ್ನು ರಸ್ತೆಯ ಎರಡೂ ಬದಿಗೆ ನಿಲ್ಲಿಸಿದರೆ ಹೇಗಿರುತ್ತದೆಂದು ಊಹಿಸಿಕೊಳ್ಳಬಹುದು. 1988ರಲ್ಲಿ ಶುರುವಾದ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಇದು. ಇಲ್ಲಿಯ ವ್ಯಾಪಾರಿಗಳ ಬಾಯಲ್ಲಿ 'ಒಂದು ಮೀಟರ್ ಕಟ್ಟೆ' ಎಂಬ ಮಾತಿದೆ. ಒಬ್ಬ ವ್ಯಾಪಾರಿಗೆ ಸಿಗುವ ಜಾಗ ಅಷ್ಟೇ, ಅದರಿಂದಲೇ ಕೋಟ್ಯಧಿಪತಿಗಳಾದವರ ಕತೆಗಳೂ ಉಂಟು. ಅಂಥ ಒಂದು ಕಟ್ಟೆಯ ಮುಂದೆ ನಾನು ಅರ್ಧ ಗಂಟೆ ನಿಂತಿದ್ದೆ. ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಚಿಮುಟದಲ್ಲಿ ಸಾಸಿವೆಗಿಂತ ಸಣ್ಣ ಬಿಡಿಭಾಗಗಳನ್ನು ಎತ್ತಿ ಎಣಿಸಿ ಪಟ್ಟಿಗೆ ಅಂಟಿಸುತ್ತಿದ್ದಳು. ಎಡಗೈ ಪಕ್ಕದಲ್ಲಿ ಅರ್ಧ ಉಂಡ ಅನ್ನದ ಡಬ್ಬಿ. ಕಾಲ ಬಳಿ ಪ್ಲಾಸ್ಟಿಕ್ ಮಣೆಯ ಮೇಲೆ ಕುಳಿತ ಮಗಳು ರಟ್ಟಿನ ಪೆಟ್ಟಿಗೆಯನ್ನೇ ಮೇಜು ಮಾಡಿಕೊಂಡು ಶಾಲೆಯ ಲೆಕ್ಕ ಮಾಡುತ್ತಿದ್ದಳು. ಗಿರಾಕಿ ಬಂದಾಗ ತಾಯಿ ತಲೆ ಎತ್ತದೆ ಬೆಲೆ ಹೇಳುವಳು, ಮಗಳು ಸರಕನ್ನು ಚೀಲಕ್ಕೆ ಹಾಕಿ ಕೊಡುವಳು. ಆದರೆ ಈ ಮಾರುಕಟ್ಟೆಯೂ ಬದಲಾಗುತ್ತಿದೆ. ಮೊಬೈಲ್ ಬಿಡಿಭಾಗಗಳ ಹಲವು ಕಟ್ಟೆಗಳು ಮುಖಕ್ಕೆ ಹಚ್ಚುವ ಕ್ರೀಮು, ತುಟಿಬಣ್ಣಗಳ ವ್ಯಾಪಾರಕ್ಕೆ ತಿರುಗಿದ್ದೂ ಉಂಟು.

ನನಗೆ ದುಭಾಷಿಯಾಗಿ ಬಂದವಳು ಹುನಾನ್ ಪ್ರಾಂತದಿಂದ ಓದಲು ಬಂದಿದ್ದ ಹುಡುಗಿ. ಯಾರನ್ನು ಕಂಡರೂ "ಯಾವ ಊರು?" ಎಂದು ಕೇಳುವುದು ನಮ್ಮ ರೂಢಿಯಷ್ಟೆ. ಅವಳ ಮೂಲಕ ಎಲ್ಲರನ್ನೂ ಅದನ್ನೇ ಕೇಳುತ್ತ ಹೋದೆ. ಕಟ್ಟೆಯ ಹೆಂಗಸು ಚಾವ್‌ಶಾನ್ ಕಡೆಯವಳು, ಟ್ಯಾಕ್ಸಿಯವನು ಹೆನಾನಿನವನು, ಲಿಚಿ ಮಾರುವವಳು ಗುವಾಂಗ್‌ಶಿಯವಳು, ನೂಡಲ್ಸ್ ಅಂಗಡಿಯವನು ಸಿಚುವಾನಿನವನು. ಆರು ದಿನ ಕಳೆದರೂ "ಇದೇ ಊರು" ಎಂದವರು ಒಬ್ಬರೂ ಸಿಗಲಿಲ್ಲ. 2020ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 1 ಕೋಟಿ 75 ಲಕ್ಷ. ಅವರಲ್ಲಿ ಇಲ್ಲಿಯ 'ಹುಕೊವು', ಅಂದರೆ ಖಾಯಂ ನಿವಾಸದ ನೋಂದಣಿ, ಇದ್ದವರು ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ. ಉಳಿದವರಿಗೆ ಮಕ್ಕಳ ಶಾಲೆ, ಆಸ್ಪತ್ರೆ, ಸರ್ಕಾರಿ ಮನೆ ಎಲ್ಲದರಲ್ಲೂ ತೊಡಕು. "ಬಂದವರೆಲ್ಲ ಶೆನ್‌ಝೆನ್‌ನವರೇ" ಎಂಬ ಸುಂದರ ಘೋಷಣೆ ಊರ ತುಂಬ ಇದೆ, ಬಂದವರು ಅದನ್ನು ಪ್ರೀತಿಯಿಂದಲೇ ಹೇಳುತ್ತಾರೆ. ಆದರೂ ಕಾಗದಪತ್ರದ ಮಾತು ಬೇರೆಯೇ ಆಗಿದೆ. ಇನ್ನೊಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ: ಬೀದಿಯಲ್ಲಿ ಮುದುಕರಿಲ್ಲ. ಇಡೀ ಚೀನಾದಲ್ಲಿ ಅರವತ್ತು ದಾಟಿದವರು ನೂರಕ್ಕೆ 18.7 ಇದ್ದರೆ ಇಲ್ಲಿ ಬರೀ 5.4. ವಯಸ್ಸಾದವರು ಊರಲ್ಲಿದ್ದಾರೆ, ದುಡಿಯುವ ಮಕ್ಕಳು ಇಲ್ಲಿದ್ದಾರೆ.

ಇಷ್ಟೊಂದು ಜನ ಬಂದರಲ್ಲ, ಬಂದವರು ಮೊದಲ ರಾತ್ರಿ ಎಲ್ಲಿ ಮಲಗಿದರು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಹಳ್ಳಿಗಳು ಸಿಗುತ್ತವೆ. ಚೀನಾದ ಕಾನೂನಿನಲ್ಲಿ ನಗರದ ಭೂಮಿ ಸರ್ಕಾರದ್ದು, ಹಳ್ಳಿಯ ಭೂಮಿ ಹಳ್ಳಿಯ ಸಮುದಾಯದ್ದು. ನಗರ ಕಟ್ಟಲು ಸರ್ಕಾರ ಗದ್ದೆಗಳನ್ನು ಪಡೆಯಿತು; ಜನ ವಾಸವಿದ್ದ ಜಾಗವನ್ನು, ನಮ್ಮ ಮಾತಿನಲ್ಲಿ ಗ್ರಾಮಠಾಣವನ್ನು, ಊರಿನವರಿಗೇ ಬಿಟ್ಟಿತು. ಗದ್ದೆ ಕಳೆದುಕೊಂಡ ರೈತ ಉಳಿದ ಮನೆಯ ಜಾಗದಲ್ಲೇ ಬೆಳೆ ತೆಗೆಯಬೇಕಾಯಿತು. ಅವನು ಬೆಳೆದದ್ದು ಬಾಡಿಗೆ ಮನೆಗಳನ್ನು. ಎರಡು ಅಂತಸ್ತಿನ ಮನೆ ಆರಾಯಿತು, ಎಂಟಾಯಿತು. ಎರಡು ಮನೆಗಳ ನಡುವಿನ ಸಂದಿ ಎಷ್ಟು ಕಿರಿದೆಂದರೆ ಎದುರುಬದುರು ಕಿಟಕಿಯವರು ಕೈ ಚಾಚಿ ಕೈ ಹಿಡಿಯಬಹುದು. ಅದಕ್ಕೇ ಇವುಗಳಿಗೆ 'ಕೈಕುಲುಕುವ ಕಟ್ಟಡ' ಎಂದೇ ಹೆಸರು. ಇಂಥ ಊರಿಗೆ ಚೀನಿಯರು 'ಚೆಂಗ್‌ಝೋಂಗ್‌ಚುನ್' ಎನ್ನುತ್ತಾರೆ: ಪಟ್ಟಣ, ನಡು, ಹಳ್ಳಿ ಎಂಬ ಮೂರು ಅಕ್ಷರ. 2004ರ ಹೊತ್ತಿಗೆ ಶೆನ್‌ಝೆನ್‌ನಲ್ಲಿ ಕಡತದ ಪ್ರಕಾರ ಒಂದೂ ಹಳ್ಳಿ ಉಳಿಯಲಿಲ್ಲ, ಹಳ್ಳಿಯ ಸಮುದಾಯಗಳು ಷೇರು ಕಂಪನಿಗಳಾಗಿ ನೋಂದಾಯಿಸಿಕೊಂಡವು. ಆದರೂ ನಗರದ ಸುಮಾರು ಅರ್ಧದಷ್ಟು ಜನ ಇಂಥ ಹಳ್ಳಿಗಳಲ್ಲೇ ಬಾಡಿಗೆಗಿದ್ದರೆಂದು ನಗರ ಯೋಜನೆ ಬಲ್ಲವರು ಅಂದಾಜಿಸುತ್ತಾರೆ. ಕಾರ್ಖಾನೆಯ ಹುಡುಗಿ, ಕಟ್ಟಡದ ಗಾರೆಯವ, ಆಗತಾನೇ ಡಿಗ್ರಿ ಮುಗಿಸಿ ಬಂದ ಎಂಜಿನಿಯರ್ ಎಲ್ಲರಿಗೂ ಕೈಗೆಟಕುವ ಬಾಡಿಗೆಯ ಕೋಣೆ ಕೊಟ್ಟದ್ದು ಇದೇ ಹಳ್ಳಿಗರು. ಶೆನ್‌ಝೆನ್ ವೇಗವೆಂಬುದು ಇವರ ಹೆಗಲ ಮೇಲೆ ನಡೆದಿದೆ ಎಂದು ನಾನು ಖಚಿತವಾಗಿ ನಂಬುತ್ತೇನೆ. ಯೋಜಕರ ನಕ್ಷೆಯಲ್ಲಿ ಇಲ್ಲದ ಈ ಮನೆಗಳಿರದಿದ್ದರೆ ಆ ನಕ್ಷೆಯ ನಗರವನ್ನು ಕಟ್ಟುವ ಕೈಗಳಿಗೆ ಇರಲು ತಾವೇ ಇರುತ್ತಿರಲಿಲ್ಲ.

ಕೊನೆಯ ಐದು ದಿನ ನಾನು ಶಿಯಾಶಾ ಎಂಬ ಅಂಥದೊಂದು ಹಳ್ಳಿಯಲ್ಲೇ ಕೋಣೆ ಹಿಡಿದೆ. ಕೋಣೆ ನಾಲ್ಕನೆಯ ಮಹಡಿಯಲ್ಲಿತ್ತು. ನಡು ಮಧ್ಯಾಹ್ನವೂ ದೀಪ ಹಾಕಬೇಕು. ಕಿಟಕಿಯಿಂದ ಕೈ ಚಾಚಿದಾಗ ಎದುರು ಮನೆಯ ಕಬ್ಬಿಣದ ಜಾಲರಿ ನಿಜವಾಗಿಯೂ ಬೆರಳಿಗೆ ತಾಗಿತು. ಆಚೆ ಹಲ್ಲುಜ್ಜುತ್ತಿದ್ದ ಹುಡುಗ ನೊರೆ ತುಂಬಿದ ಬಾಯಲ್ಲೇ ನಕ್ಕ. ಕೆಳಗಿನ ಓಣಿಯಲ್ಲಿ ನಡೆಯುವಾಗ ತಲೆಯ ಮೇಲೆ ಹಗ್ಗದಷ್ಟು ಅಗಲದ ಆಕಾಶ, ಹೆಣೆದುಕೊಂಡ ಕೇಬಲ್ಲುಗಳು, ಎ.ಸಿ. ಯಂತ್ರಗಳಿಂದ ತೊಟ್ಟಿಕ್ಕುವ ನೀರು. ಅದೇ ಓಣಿಯಲ್ಲಿ ಬೀಗದ ಕೈ ಮಾಡುವವನು, ಬಟ್ಟೆ ಹೊಲಿಯುವವನು, ರಾತ್ರಿ ಎರಡರವರೆಗೂ ಬಿಸಿ ಗಂಜಿ ಕೊಡುವ ಅಂಗಡಿ. ಒಂದು ಸಂಜೆ ಹಣ್ಣಿನ ಅಂಗಡಿಯಲ್ಲಿ ನನ್ನ ಫೋನಿನಿಂದ ಹಣ ಹೋಗಲೇ ಇಲ್ಲ, ಕೈಯಲ್ಲಿ ನೋಟೂ ಇರಲಿಲ್ಲ. ಅಂಗಡಿಯವಳು ಲಿಚಿ ಗೊಂಚಲನ್ನು ಚೀಲಕ್ಕೆ ಹಾಕಿ ಕೈಗಿತ್ತು, ನಾಳೆ ಕೊಡು ಎಂಬಂತೆ ಕೈಸನ್ನೆ ಮಾಡಿದಳು. ಪರದೇಶದವನಿಗೆ ಸಾಲ ಕೊಟ್ಟ ಅಂಗಡಿ ಅದು. ಗೋಪುರಗಳ ಕೆಳಗಿನ ಮಾಲುಗಳಲ್ಲಿ ಇದು ಸಾಧ್ಯವಿರಲಿಲ್ಲ.

ಓಣಿಗಳು ಕೂಡುವಲ್ಲಿ ದೊಡ್ಡ ಅಂಗಳ, ಅಂಗಳದ ತಲೆಗೆ ಹುವಾಂಗ್ ಮನೆತನದ ಹಿರಿಯರ ಗುಡಿ. ದಕ್ಷಿಣ ಸಾಂಗ್ ಅರಸರ ಕಾಲದಲ್ಲಿ, ಅಂದರೆ ಸುಮಾರು 800 ವರ್ಷಗಳ ಹಿಂದೆ, ಬಂದು ನೆಲೆಸಿದ ಮನೆತನವದು. ಗುಡಿಯ ಜಗಲಿಯಲ್ಲಿ ಕುಳಿತಿದ್ದ ಅಜ್ಜಿಯೊಬ್ಬಳನ್ನು "ಯಾವ ಊರು?" ಎಂಬ ಅದೇ ಪ್ರಶ್ನೆ ಕೇಳಿದೆ. ನನ್ನ ದುಭಾಷಿಗೆ ಅವಳ ಮಾತು ತಿಳಿಯಲಿಲ್ಲ. ಅಜ್ಜಿ ಆಡುತ್ತಿದ್ದದ್ದು ಈ ನೆಲದ ಹಳೆಯ ಕ್ಯಾಂಟನೀಸ್ ಆಡುನುಡಿ. ನಗರದ ಬೀದಿಗಳಲ್ಲೆಲ್ಲ ಕೇಳುವುದು ವಲಸಿಗರು ತಂದ ಮ್ಯಾಂಡರಿನ್. ಮೊಮ್ಮಗನನ್ನು ಕರೆಸಬೇಕಾಯಿತು. ಅಜ್ಜಿಯ ಮಾತನ್ನು ಅವನು ಮ್ಯಾಂಡರಿನ್ನಿಗೆ, ಹುಡುಗಿ ಅದನ್ನು ಇಂಗ್ಲಿಷಿಗೆ ತರುತ್ತಿದ್ದರು. ತನ್ನ ಊರಿನಲ್ಲೇ ತನ್ನ ಮಾತಿಗೆ ಎರಡು ಸೇತುವೆ ಬೇಕಾದ ಆ ಮುದುಕಿಯನ್ನು ನೋಡುತ್ತ, ಬೆಂಗಳೂರಿನ ಕನ್ನಡಿಗನಾದ ನನಗೆ ಗಂಟಲು ಕಟ್ಟಿತು.

ಅಜ್ಜಿ ಮೊದಲು ಕೇಳಿದ್ದು "ಊಟ ಆಯ್ತೇನಪ್ಪ?" ಎಂದು. ಅವರಲ್ಲೂ ಕುಶಲ ವಿಚಾರಿಸುವುದು ಹೀಗೆಯೇ. ಆಮೇಲೆ ಕೈಕೋಲಿನಿಂದ ನೆಲ ಕುಟ್ಟಿ, "ಇದೇ ಊರು" ಎಂದಳು. ಸಮುದ್ರ ಇಲ್ಲಿಯವರೆಗೂ ಬರುತ್ತಿತ್ತು, ಆಮೇಲೆ ಮಣ್ಣು ತುಂಬಿದರು; ಅದೋ ಆ ಗಾಜಿನ ಕಟ್ಟಡವಿದೆಯಲ್ಲ, ಅಲ್ಲಿ ನಮ್ಮ ಗದ್ದೆ; ಮದುವೆಯಾಗಿ ಬಂದ ವರ್ಷ ಆ ಗದ್ದೆಯ ಕಾಲುವೆಯಲ್ಲಿ ನನ್ನ ಕಾಲ್ಬಳೆ ಬಿದ್ದುಹೋಯಿತು, ಸಿಗಲಿಲ್ಲ ಎಂದಳು. ಗದ್ದೆ ಹೋದದ್ದಕ್ಕೆ ದುಃಖವಿದೆಯೇ ಎಂದು ಕೇಳಿದೆ. ನಾಟಿ ಮಾಡಿ ಮಾಡಿ ಬೆನ್ನು ಬಾಗಿತ್ತು, ಗದ್ದೆ ಹೋದದ್ದು ಒಳ್ಳೆಯದೇ ಆಯಿತು, ಬಾಡಿಗೆ ಬರುತ್ತದೆ ಎಂದಳು. ನಾನು ಎಣಿಸಿದ್ದ ಉತ್ತರ ಅದಾಗಿರಲಿಲ್ಲ, ಹಾಗಾಗಿ ಅದನ್ನು ಇಲ್ಲಿ ಹೇಳಲೇಬೇಕು. ಮುಂದೆ ಏನಾಗುತ್ತದೆ ಎಂಬ ಮಾತು ಬಂದಾಗ ಅಜ್ಜಿ ಸುಮ್ಮನಾದಳು. ಮೊಮ್ಮಗ ಬೈಶಿಝೋವಿನ ಹೆಸರು ಹೇಳಿದ.

ಬೈಶಿಝೋ ಇಂಥದೇ ಇನ್ನೊಂದು ಹಳ್ಳಿ, ಕೆಲವು ಮೆಟ್ರೊ ನಿಲ್ದಾಣಗಳ ಆಚೆಗಿದೆ. ಅಲ್ಲಿ ಸುಮಾರು ಒಂದೂವರೆ ಲಕ್ಷ ಬಾಡಿಗೆದಾರರಿದ್ದರು. 2019ರಲ್ಲಿ ಮನೆ ತೆರವು ಶುರುವಾಯಿತು. ಮನೆ ಮಾಲೀಕರಿಗೆ ದೊಡ್ಡ ಪರಿಹಾರ ಸಿಕ್ಕಿತು. ಬಾಡಿಗೆದಾರರು ಗಂಟುಮೂಟೆ ಕಟ್ಟಿಕೊಂಡು ಇನ್ನೂ ದೂರದ ಹಳ್ಳಿಗಳಿಗೆ ಹೋದರು, ಮಕ್ಕಳ ಶಾಲೆ ತಪ್ಪಿತು. ನಾನು ಹೋದಾಗ ಅಲ್ಲಿ ಕ್ರೇನುಗಳಿದ್ದವು. ಎಲ್ಲ ಕಡೆಯೂ ಹೀಗೇ ಆಗಿದೆಯೆಂದಲ್ಲ. ಶುಯ್‌ವೇ ಎಂಬ ಹಳ್ಳಿಯಲ್ಲಿ 29 ಕೈಕುಲುಕುವ ಕಟ್ಟಡಗಳನ್ನು ಕೆಡವದೆ ದುರಸ್ತಿ ಮಾಡಿ, ಲಿಫ್ಟು ಕೂರಿಸಿ, ತರುಣ ಉದ್ಯೋಗಿಗಳಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ನಾನ್‌ಟೌ ಕೋಟೆಪೇಟೆಯನ್ನೂ ಉಳಿಸಿ ಸಿಂಗರಿಸಿದ್ದಾರೆ. ಒಳ್ಳೆಯ ಕೆಲಸವೇ. ಆದರೆ ಸಿಂಗರಿಸಿದ ಮೇಲೆ ಬಾಡಿಗೆ ಏರುತ್ತದೆ, ನೊರೆ ತುಂಬಿದ ಬಾಯಲ್ಲಿ ನಕ್ಕ ಆ ಹುಡುಗನ ಅಪ್ಪ ಅಷ್ಟು ತೆರಲಾರ. ಅವನನ್ನು ಅಲ್ಲೇ ಉಳಿಸಿಕೊಂಡು ಹಳ್ಳಿಯನ್ನು ಸರಿಪಡಿಸುವ ದಾರಿಯನ್ನು ಆ ನಗರ ಇನ್ನೂ ಕಂಡುಕೊಂಡಿಲ್ಲವೆಂದೇ ನನಗೆ ಅನಿಸಿತು.

ಹೊರಡುವ ದಿನ ಅಜ್ಜಿ ನನ್ನನ್ನು ಹಬ್ಬಕ್ಕೆ ಕರೆದಳು. ಚೀನಿಯರ ಹೊಸ ವರ್ಷದ ಹೊತ್ತಿಗೆ ವಲಸಿಗರು ತಮ್ಮ ತಮ್ಮ ಊರುಗಳಿಗೆ ಹೋಗಿ ಶೆನ್‌ಝೆನ್ ಅರ್ಧಕ್ಕರ್ಧ ಬರಿದಾಗುತ್ತದೆ. ಹಬ್ಬದ ಹದಿನೈದನೆಯ ದಿನದ ಸುಮಾರಿಗೆ ಶಿಯಾಶಾದ ಗುಡಿಯ ಮುಂದಿನ ಅಂಗಳದಲ್ಲಿ ಮನೆತನದವರೆಲ್ಲ ಸೇರಿ ಹಿರಿಯರಿಗೆ ಪೂಜೆ ಸಲ್ಲಿಸಿ, ದೊಡ್ಡ ಬೋಗುಣಿಯಲ್ಲಿ ಮೂಲಂಗಿ, ಮೀನು, ಕೋಳಿ, ಸಿಂಪಿಗಳನ್ನು ಪದರ ಪದರವಾಗಿ ಜೋಡಿಸಿ, ಒಂದೊಂದು ಮೇಜಿನವರು ಒಂದೇ ಬೋಗುಣಿಯಿಂದ ಉಣ್ಣುತ್ತಾರೆ; ಹಾಂಗ್‌ಕಾಂಗ್‌ಗೆ, ಇನ್ನೂ ದೂರದ ದೇಶಗಳಿಗೆ ಹೋದವರೂ ಆ ದಿನ ಬರುತ್ತಾರಂತೆ. ಕೊಲ್ಲಿ ಈಜಿ ಹೋದವರ ಮಕ್ಕಳೂ ಬರುತ್ತಾರೆಯೇ ಎಂದು ಕೇಳಿದೆ. ಅಜ್ಜಿ ಮೊಮ್ಮಗನ ಕಡೆ ತಿರುಗಿ ಏನೋ ಹೇಳಿದಳು, ಅವನು ಹುಡುಗಿಗೆ ಹೇಳಿದ, ಅವಳು ನನಗೆ ಹೇಳಿದಳು: "ನನ್ನ ತಮ್ಮ ಬರ್ತಾನೆ. ನೀನು ಅವನ ಪಕ್ಕ ಕೂರು."